ಮಿಕ್‌ಮಾಕ್ ಇತಿಹಾಸ ಮಾಸಕ್ಕೆ ನಿಮ್ಮೂರಲ್ಲೊಂದು ಸಾರ್ವಜನಿಕ ಕಾರ್ಯಕ್ರಮ: ಶುರುವಿನಿಂದ ಕೊನೆತನಕ

ಓದು, ಕೆಲಸ ಅಂತ ಕೆನಡಾದ ನೋವಾ ಸ್ಕೋಶಿಯಾಗೆ ಬಂದು ನೆಲೆಸಿದ ಕನ್ನಡದವರು ಇದ್ದಾರೆ. ಅಕ್ಟೋಬರ್ ಬಂತೆಂದರೆ ಇಲ್ಲಿನ ಲೈಬ್ರರಿ, ಶಾಲೆ, ಆಫೀಸುಗಳಲ್ಲಿ ಮಿಕ್‌ಮಾಕ್ ಇತಿಹಾಸ ಮಾಸದ ಪೋಸ್ಟರ್ ಕಾಣಿಸುತ್ತದೆ. ಮಿಕ್‌ಮಾಕ್ ಎಂದರೆ ಈ ನೆಲದ ಮೂಲನಿವಾಸಿ ಜನ. "ನಮ್ಮ ಬಳಗದಿಂದಲೂ ಏನಾದ್ರೂ ಮಾಡೋಣ್ವಾ?" ಎಂದು ಯಾರಾದರೂ ಕೇಳುತ್ತಾರೆ. ಒಳ್ಳೆಯ ಯೋಚನೆ. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ಈ ಮಾತು ಬಂದರೆ ಆ ವರ್ಷಕ್ಕೆ ತಡವಾಯಿತು ಎಂದೇ ಲೆಕ್ಕ. ಈ ಬರಹ ಮುಂದಿನ ವರ್ಷಕ್ಕೆ ತಯಾರಾಗುವವರಿಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಈ ಕಾರ್ಯಕ್ರಮ ನಡೆಸುವವರು ಮಿಕ್‌ಮಾಕ್ ಜನ. ಹಾಲ್, ಕುರ್ಚಿ, ದುಡ್ಡು, ಊಟ, ಓಡಾಟ ನಮ್ಮದು. ಏನು ಹೇಳಬೇಕು, ಏನು ಹಾಡಬೇಕು, ಏನನ್ನು ತೋರಿಸಬಾರದು ಎಂಬುದು ಅವರದು. ಇದು ಉಲ್ಟಾ ಆದ ಕಡೆ ಕಾರ್ಯಕ್ರಮ ಎಷ್ಟೇ ಅದ್ದೂರಿಯಾಗಿದ್ದರೂ ಒಂಥರಾ ಫ್ಯಾನ್ಸಿ ಡ್ರೆಸ್ ಸ್ಪರ್ಧೆಯಾಗಿ ಮುಗಿಯುತ್ತದೆ.

ಮೊದಲು ತಿಳಿದುಕೊಳ್ಳಬೇಕಾದ್ದು

ನೋವಾ ಸ್ಕೋಶಿಯಾ, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂ ಬ್ರನ್ಸ್‌ವಿಕ್‌ನ ಒಂದು ಭಾಗ, ಕ್ವಿಬೆಕ್‌ನ ಗ್ಯಾಸ್ಪೆ, ನ್ಯೂಫೌಂಡ್‌ಲ್ಯಾಂಡ್: ಇಷ್ಟೂ ಸೇರಿದ ನೆಲಕ್ಕೆ ಮಿಕ್‌ಮಾಕಿ ಎಂದು ಹೆಸರು. ಹ್ಯಾಲಿಫ್ಯಾಕ್ಸ್‌ಗೆ ಅವರ ಹೆಸರು ಕ್ಜಿಪುಕ್ತುಕ್. ನೋವಾ ಸ್ಕೋಶಿಯಾದಲ್ಲೇ 13 ಮಿಕ್‌ಮಾಕ್ ಸಮುದಾಯಗಳಿವೆ. ಟ್ರೂರೋ ಹತ್ತಿರದ ಡೆಬರ್ಟ್‌ನಲ್ಲಿ ಸಿಕ್ಕ ಕುರುಹುಗಳು ಈ ನೆಲದಲ್ಲಿ ಹನ್ನೊಂದು ಸಾವಿರ ವರ್ಷಕ್ಕೂ ಹಿಂದೆ ಜನ ಬಾಳಿದ್ದನ್ನು ತೋರಿಸುತ್ತವೆ.

ಈಗ ಅಕ್ಟೋಬರ್ 1ರ ವಿಷಯ. 1725ರಿಂದ 1779ರವರೆಗೆ ಬ್ರಿಟಿಷ್ ದೊರೆತನ ಮತ್ತು ಮಿಕ್‌ಮಾಕ್ ಜನರ ನಡುವೆ ಹಲವು ಶಾಂತಿ ಮತ್ತು ಸ್ನೇಹ ಒಪ್ಪಂದಗಳಾದವು. ಇವು ಯಾವುದರಲ್ಲೂ ಮಿಕ್‌ಮಾಕ್ ಜನ ನೆಲ ಬಿಟ್ಟುಕೊಟ್ಟಿಲ್ಲ. ಇಲ್ಲಿನ ಸಭೆಗಳ ಶುರುವಿನಲ್ಲಿ "ಬಿಟ್ಟುಕೊಡದ ನೆಲ" ಎಂದು ಹೇಳುವುದು ಅದಕ್ಕೇ. 1752ರ ಒಪ್ಪಂದದಲ್ಲಿ ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಕಂಬಳಿ, ತಂಬಾಕು, ಮದ್ದುಗುಂಡು ಉಡುಗೊರೆ ಕೊಟ್ಟು ಸ್ನೇಹವನ್ನು ಹೊಸದು ಮಾಡಿಕೊಳ್ಳಬೇಕು ಎಂದಿತ್ತು. ಒಪ್ಪಂದ ಕಪಾಟು ಸೇರಿ ಕೂತುಬಿಟ್ಟಿತು.

1920ರ ದಶಕದಲ್ಲಿ ಗ್ರ್ಯಾಂಡ್ ಚೀಫ್ (ಮಿಕ್‌ಮಾಕ್ ಜನರ ಹಿರಿಯ ನಾಯಕ) ಗೇಬ್ರಿಯಲ್ ಸಿಲಿಬಾಯ್ ಅವರ ಮೇಲೆ ಒಂದು ಕೇಸ್ ಬಿತ್ತು. ಬೇಟೆ ಮುಚ್ಚಿದ ಕಾಲದಲ್ಲಿ ಮಸ್ಕ್‌ರ್ಯಾಟ್ ಎಂಬ ಪ್ರಾಣಿಯ ಚರ್ಮ ಇಟ್ಟುಕೊಂಡಿದ್ದರು ಎಂಬುದು ಆರೋಪ. ಬೇಟೆಯ ಹಕ್ಕಿಗೆ ಅವರು 1752ರ ಒಪ್ಪಂದವನ್ನೇ ಮುಂದಿಟ್ಟರು. ಕೋರ್ಟ್ ಒಪ್ಪಲಿಲ್ಲ, 1928ರಲ್ಲಿ ಅವರನ್ನು ತಪ್ಪಿತಸ್ಥ ಅಂದಿತು. 1985ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಸೈಮನ್ ಪ್ರಕರಣದಲ್ಲಿ, ಅದೇ ಒಪ್ಪಂದಕ್ಕೆ ಈಗಲೂ ಬೆಲೆಯಿದೆ ಎಂದು ತೀರ್ಪು ಕೊಟ್ಟಿತು. ಮರುವರ್ಷ, 1986ರಲ್ಲಿ, ಗ್ರ್ಯಾಂಡ್ ಚೀಫ್ ಡೊನಾಲ್ಡ್ ಮಾರ್ಷಲ್ ಸೀನಿಯರ್ ಅಕ್ಟೋಬರ್ 1ನ್ನು ಟ್ರೀಟಿ ಡೇ, ಅಂದರೆ ಒಪ್ಪಂದದ ದಿನ, ಎಂದು ಸಾರಿದರು. 1993ರಲ್ಲಿ ಇಡೀ ಅಕ್ಟೋಬರ್ ಇತಿಹಾಸ ಮಾಸವಾಯಿತು. ಸಿಲಿಬಾಯ್ ಅವರಿಗೆ ಸರ್ಕಾರ ಕ್ಷಮಾದಾನ ಕೊಟ್ಟು, ಕ್ಷಮೆಯನ್ನೂ ಕೇಳಿದ್ದು 2017ರಲ್ಲಿ. ಅವರು ತೀರಿಕೊಂಡು ಅರ್ಧ ಶತಮಾನ ಕಳೆದಿತ್ತು.

ಈ ಕಥೆ ಗೊತ್ತಿದ್ದರೆ ಅಕ್ಟೋಬರ್ 1 ಬರೀ "ಸಂಸ್ಕೃತಿ ದಿನ" ಅಲ್ಲ ಎಂದು ತಾನಾಗಿಯೇ ತಿಳಿಯುತ್ತದೆ. ಅದು ಹಕ್ಕಿನ ದಿನ. ಕುಣಿತ, ಬುಟ್ಟಿ, ಊಟ ಎಲ್ಲ ಇರಲಿ, ಆದರೆ ಒಪ್ಪಂದದ ಮಾತೇ ಇಲ್ಲದ ಟ್ರೀಟಿ ಡೇ ಕಾರ್ಯಕ್ರಮಕ್ಕೆ ಅರ್ಥವಿಲ್ಲ.

ಹಂತ 1: ಒಂದು ವರ್ಷ ಸುಮ್ನೆ ಅತಿಥಿಯಾಗಿ ಹೋಗಿ

ಕಾರ್ಯಕ್ರಮ ಮಾಡುವ ಮುಂಚೆ ಅವರ ಕಾರ್ಯಕ್ರಮಗಳಿಗೆ ಹೋಗಿ. ಜೂನ್ 21 ರಾಷ್ಟ್ರೀಯ ಮೂಲನಿವಾಸಿಗಳ ದಿನ. ಬೇಸಿಗೆಯಲ್ಲಿ ಹಲವು ಸಮುದಾಯಗಳು ಮಾವಿಯೋಮಿ ನಡೆಸುತ್ತವೆ. ಮಾವಿಯೋಮಿ ಎಂದರೆ ಜನ ಸೇರುವ ಕೂಟ, ಪೌವೌ ಅನ್ನುವುದೂ ಇದನ್ನೇ. ಸಾಮಾನ್ಯವಾಗಿ ಎಲ್ಲರಿಗೂ ಪ್ರವೇಶ ಇರುತ್ತದೆ. ಮಡಚುವ ಕುರ್ಚಿ, ನೀರು, ಟೋಪಿ, ಸ್ವಲ್ಪ ಚಿಲ್ಲರೆ ದುಡ್ಡು ಒಯ್ಯಿರಿ. ಮದ್ಯ ಪೂರ್ತಿ ನಿಷಿದ್ಧ. ಕಾರಿನ ಡಿಕ್ಕಿಯಲ್ಲೂ ಬೇಡ.

ಅಲ್ಲಿ ಏನಾಗುತ್ತದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೊಸಬರು ಎಡವುವುದು ಇಲ್ಲೇ. ನಡುವೆ ಒಂದು ವೃತ್ತ. ಒಂದೊಂದು ದೊಡ್ಡ ಡ್ರಮ್ಮಿನ ಸುತ್ತ ಹಾಡುವವರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮೈಕ್ ಹಿಡಿದವರು "ಗ್ರ್ಯಾಂಡ್ ಎಂಟ್ರಿ, ಎಲ್ಲರೂ ಎದ್ದು ನಿಲ್ಲಿ" ಎನ್ನುತ್ತಾರೆ. ಏಳಿ, ಟೋಪಿ ತೆಗೆಯಿರಿ, ಫೋನ್ ಜೇಬಿಗೆ ಹಾಕಿ. ಹದ್ದಿನ ಗರಿ ಕಟ್ಟಿದ ಕೋಲು ಮೊದಲು ಬರುತ್ತದೆ, ಆಮೇಲೆ ಬಾವುಟಗಳು, ನಿವೃತ್ತ ಯೋಧರು, ಹಿರಿಯರು, ಕೊನೆಗೆ ಕುಣಿಯುವವರು. ತಗಡಿನ ಸಣ್ಣ ಕೊಳವೆಗಳನ್ನು ಸಾಲಾಗಿ ಹೊಲಿದ ಜಿಂಗಲ್ ಡ್ರೆಸ್ ಹಾಕಿದ ಹೆಂಗಸರು ಹೆಜ್ಜೆ ಇಟ್ಟಾಗ ಬರುವ ಸದ್ದು ಡ್ರಮ್ಮಿನ ಸದ್ದಿನ ಮೇಲೂ ಕೇಳಿಸುತ್ತದೆ. ಫೋಟೋ ತೆಗೆಯಬೇಕು ಅನ್ನಿಸುವುದು ಸರಿಯಾಗಿ ಆಗಲೇ. ತೆಗೆಯಬೇಡಿ. ಯಾವಾಗ ತೆಗೆಯಬಹುದು ಎಂದು ಮೈಕಿನವರೇ ಹೇಳುತ್ತಾರೆ. ಒಬ್ಬರನ್ನೇ ಹತ್ತಿರದಿಂದ ತೆಗೆಯುವುದಿದ್ದರೆ ಅವರನ್ನು ಕೇಳಿ. ಅವರ ಉಡುಪಿಗೆ ರೆಗೇಲಿಯಾ ಎನ್ನುತ್ತಾರೆ. "ಕಾಸ್ಟ್ಯೂಮ್" ಅಂದರೆ ಬೇಜಾರಾಗುತ್ತದೆ. ಎಷ್ಟೋ ಉಡುಪು ಅಜ್ಜಿ ಹೊಲಿದದ್ದು, ಗರಿ ಯಾರೋ ಹಿರಿಯರು ಕೊಟ್ಟದ್ದು, ಮುಟ್ಟಿ ನೋಡಬೇಡಿ. ನೆಲಕ್ಕೆ ಗರಿ ಬಿದ್ದರೆ ಎತ್ತಿ ಕೊಡಲು ಹೋಗಬೇಡಿ, ಅಲ್ಲೇ ನಿಂತು ನಡೆಸುವವರಿಗೆ ತಿಳಿಸಿ. ಅದಕ್ಕೆ ಅವರದೇ ಕ್ರಮ ಇದೆ.

"ಇಂಟರ್‌ಟ್ರೈಬಲ್" ಎಂದು ಕೂಗಿದಾಗ ಮಾತ್ರ ಎಲ್ಲರಿಗೂ ಕರೆ. ಆಗ ನಾಚಿಕೆ ಪಡಬೇಡಿ, ಮಕ್ಕಳನ್ನೂ ಕರೆದುಕೊಂಡು ವೃತ್ತಕ್ಕೆ ಇಳಿಯಿರಿ. ಎಲ್ಲರೂ ಹೋಗುವ ದಿಕ್ಕಿನಲ್ಲೇ ಹೋಗಿ, ಹೆಜ್ಜೆ ಹೇಗಾದರೂ ಇರಲಿ.

ಇನ್ನೊಂದು ಗಮನಿಸಿ. ಗರಿ, ಡ್ರಮ್ ಎಂದಷ್ಟೇ ಕಲ್ಪಿಸಿಕೊಂಡು ಬಂದವರಿಗೆ ಜುಲೈ ಕೊನೆಯಲ್ಲಿ ಕೇಪ್ ಬ್ರೆಟನ್‌ನ ಪೊಟ್ಲೋಟೆಕ್ ಆಶ್ಚರ್ಯ ಹುಟ್ಟಿಸುತ್ತದೆ. ಅಲ್ಲಿ ಬ್ರಾಡೋರ್ ಸರೋವರದ ದ್ವೀಪವೊಂದರಲ್ಲಿ ಸಂತ ಆನ್ ಹಬ್ಬಕ್ಕೆ ಮಿಕ್‌ಮಾಕ್ ಕುಟುಂಬಗಳು ಸೇರುತ್ತವೆ. ಮುಖಂಡ ಮೆಂಬರ್ಟೂ 1610ರಲ್ಲೇ ಕ್ರೈಸ್ತ ದೀಕ್ಷೆ ಪಡೆದವರು. ಸಿಹಿಹುಲ್ಲಿನ ಹೊಗೆಯೂ ಶಿಲುಬೆಯೂ ಒಂದೇ ಸಭೆಯಲ್ಲಿ ಇರಬಹುದು. ಕೆಲವರಿಗೆ ಚರ್ಚ್ ಅಂದರೆ ಭಕ್ತಿ, ಕೆಲವರಿಗೆ ವಸತಿ ಶಾಲೆಯ (ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಇಟ್ಟ, ಚರ್ಚಿನವರು ನಡೆಸಿದ ಶಾಲೆ) ಗಾಯ. ಯಾರು ಯಾವ ಕಡೆ ಎಂದು ನೀವು ಊಹಿಸಲು ಹೋಗಬೇಡಿ.

ಹಂತ 2: ವಸಂತದಲ್ಲೇ ಮಾತಾಡಿಸಿ

ಅಕ್ಟೋಬರ್‌ನಲ್ಲಿ ಪ್ರತಿ ಶಾಲೆ, ಪ್ರತಿ ಆಫೀಸಿಗೂ ಮಿಕ್‌ಮಾಕ್ ಹಿರಿಯರು, ಡ್ರಮ್ ಗುಂಪು, ಕಥೆ ಹೇಳುವವರು ಬೇಕು. ಇರುವವರು ಕಡಿಮೆ. ಆದ್ದರಿಂದ ಏಪ್ರಿಲ್, ಮೇ ಹೊತ್ತಿಗೇ ಕೇಳಿ. ಯಾರನ್ನು ಕೇಳುವುದು? ನಿಮ್ಮೂರಿಗೆ ಹತ್ತಿರದ ಮಿಕ್‌ಮಾಕ್ ಸಮುದಾಯದ ಬ್ಯಾಂಡ್ ಆಫೀಸಿನಿಂದ, ಅಂದರೆ ಅವರ ಆಡಳಿತ ಕಚೇರಿಯಿಂದ, ಶುರು ಮಾಡಿ. ಹ್ಯಾಲಿಫ್ಯಾಕ್ಸ್‌ನಲ್ಲಾದರೆ 1973ರಿಂದ ನಡೆಯುತ್ತಿರುವ ಮಿಕ್‌ಮಾವ್ (ಮಿಕ್‌ಮಾಕ್ ಹೆಸರಿನದೇ ಇನ್ನೊಂದು ರೂಪ) ನೇಟಿವ್ ಫ್ರೆಂಡ್‌ಶಿಪ್ ಸೆಂಟರ್ ಇದೆ. ಟ್ರೂರೋ ಕಡೆಯವರಿಗೆ ಮಿಲ್‌ಬ್ರೂಕ್‌ನ ಸಾಂಸ್ಕೃತಿಕ ಕೇಂದ್ರ, ಸಿಡ್ನಿ ಕಡೆಯವರಿಗೆ ಮೆಂಬರ್ಟೂ ಹೆರಿಟೇಜ್ ಪಾರ್ಕ್.

ಇಮೇಲ್ ಒಂದನ್ನೇ ನಂಬಿ ಕೂರಬೇಡಿ. ಫೋನ್ ಮಾಡಿ, ಸಾಧ್ಯವಾದರೆ ಹೋಗಿ ಭೇಟಿಯಾಗಿ. ಪೂರ್ತಿ ತಯಾರಾದ ಕಾರ್ಯಕ್ರಮ ಪಟ್ಟಿ ಹಿಡಿದುಕೊಂಡು ಹೋಗಿ "ಇಲ್ಲಿ 10 ನಿಮಿಷ ನಿಮ್ಮದು" ಎನ್ನುವುದು ಒಳ್ಳೆಯ ಶುರು ಅಲ್ಲ. "ನಮಗೆ ಹಾಲ್ ಸಿಗುತ್ತದೆ, ಇಷ್ಟು ದುಡ್ಡಿದೆ, ಇಷ್ಟು ಜನ ಬರಬಹುದು. ಏನು ಮಾಡಿದರೆ ಚೆನ್ನ ಅಂತೀರಿ?" ಎಂದು ಕೇಳಿ, ಆಮೇಲೆ ಸುಮ್ಮನಿರಿ. ಹಿರಿಯರು ತಕ್ಷಣ ಉತ್ತರ ಕೊಡದೆ ಇರಬಹುದು. ಆ ಮೌನವನ್ನು ಮಾತಿನಿಂದ ತುಂಬುವ ಚಟ ನಮ್ಮಲ್ಲಿ ಜಾಸ್ತಿ, ಅಲ್ವಾ? ಅದನ್ನು ಸ್ವಲ್ಪ ತಡೆಯಿರಿ. ಹಿರಿಯರಲ್ಲಿ ಏನಾದರೂ ಕೇಳಿಕೊಳ್ಳುವಾಗ ತಂಬಾಕು ಕೊಡುವ ಪದ್ಧತಿ ಇದೆ. ನೀವು ಭೇಟಿಯಾಗುವವರಿಗೆ ಅದು ಬೇಕೋ ಬೇಡವೋ ಎಂದು ಜೊತೆಗಿರುವವರನ್ನು ವಿಚಾರಿಸಿಕೊಳ್ಳಿ.

ಹಂತ 3: ಒಂದೇ ವಿಷಯ ಹಿಡಿಯಿರಿ

"ಮಿಕ್‌ಮಾಕ್ ಇತಿಹಾಸ ಮತ್ತು ಸಂಸ್ಕೃತಿ" ಎಂದು ಎರಡು ಗಂಟೆಯಲ್ಲಿ ಎಲ್ಲ ತೋರಿಸಲು ಹೋದರೆ ಏನೂ ಉಳಿಯುವುದಿಲ್ಲ. ಆ ವರ್ಷದ ಇತಿಹಾಸ ಮಾಸಕ್ಕೆ ಒಂದು ವಿಷಯ ಇಟ್ಟು ಪೋಸ್ಟರ್ ಹೊರಡಿಸುತ್ತಾರೆ, ಅದನ್ನೇ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಒಪ್ಪಂದದ ಕಥೆ ಒಂದು ಸಂಜೆಗೆ ಸಾಕು. ಭಾಷೆಯೂ ಒಳ್ಳೆಯ ವಿಷಯ: 2022ರ ಕಾನೂನು ಮಿಕ್‌ಮಾವ್ ಭಾಷೆಯನ್ನು ನೋವಾ ಸ್ಕೋಶಿಯಾದ ಮೊದಲ ಭಾಷೆ ಎಂದು ಗುರುತಿಸಿತು. ಅದು ಜಾರಿಗೆ ಬಂದದ್ದೂ ಅಕ್ಟೋಬರ್ 1ರಂದೇ.

ಕೈಕೆಲಸದ ಕಾರ್ಯಾಗಾರಕ್ಕೆ ಜನ ಚೆನ್ನಾಗಿ ಬರುತ್ತಾರೆ. ಮುಳ್ಳುಹಂದಿಯ ಮುಳ್ಳಿನ ಕಸೂತಿಯನ್ನೇ ನೋಡಿ. ಬಣ್ಣ ಹಾಕಿದ ಮುಳ್ಳನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡುತ್ತಾರೆ. ಬರ್ಚ್ ಮರದ ತೊಗಟೆಗೆ ದಬ್ಬಣದಿಂದ ತೂತು ಮಾಡಿ, ಒಂದೊಂದೇ ಮುಳ್ಳನ್ನು ಒಂದು ತೂತಿನಲ್ಲಿ ತೂರಿಸಿ ಮತ್ತೊಂದರಲ್ಲಿ ಹಿಂದಕ್ಕೆ ತೆಗೆಯುತ್ತಾರೆ. ತೊಗಟೆ ಒಣಗಿದಾಗ ತೂತು ಬಿಗಿದು ಮುಳ್ಳು ಅಲ್ಲಾಡದೆ ಕೂರುತ್ತದೆ. ಅಂಗೈಯಗಲದ ಎಂಟು ಮೂಲೆಯ ನಕ್ಷತ್ರಕ್ಕೆ ಎಷ್ಟು ತಾಳ್ಮೆ ಬೇಕು ಎಂದು ಒಂದು ಸಾಲು ಹಾಕಿದ ಮೇಲೆ ಗೊತ್ತಾಗುತ್ತದೆ. ಆಮೇಲೆ ಯಾರೂ ಬೆಲೆಯಲ್ಲಿ ಚೌಕಾಸಿ ಮಾಡುವುದಿಲ್ಲ. ಇಂಥ ತರಗತಿಗೆ ಹತ್ತು-ಹನ್ನೆರಡು ಜನರಿಗಿಂತ ಹೆಚ್ಚು ಬೇಡ. ಬುಟ್ಟಿ ಹೆಣೆಯುವುದಾದರೆ ಬ್ಲ್ಯಾಕ್ ಆಶ್ ಮರ ಸಿಗುವುದೇ ಕಷ್ಟ. ಆಶ್ ಮರಗಳನ್ನು ಕೊಲ್ಲುವ ಎಮರಾಲ್ಡ್ ಆಶ್ ಬೋರರ್ ಎಂಬ ಹುಳು 2018ರಲ್ಲಿ ಹ್ಯಾಲಿಫ್ಯಾಕ್ಸ್ ಕಡೆಯ ಬೆಡ್‌ಫರ್ಡ್‌ನಲ್ಲೂ ಕಾಣಿಸಿಕೊಂಡಿತು. ಸಾಮಗ್ರಿಯ ಖರ್ಚನ್ನು ಕಲಿಸುವವರ ತಲೆಗೆ ಕಟ್ಟಬೇಡಿ.

ಹಂತ 4: ದಿನ ಗೊತ್ತು ಮಾಡುವುದು

ಸೆಪ್ಟೆಂಬರ್ 30 ಸತ್ಯ ಮತ್ತು ಸಮನ್ವಯದ ರಾಷ್ಟ್ರೀಯ ದಿನ, 2021ರಿಂದ. ಕಿತ್ತಳೆ ಅಂಗಿ ಹಾಕಿಕೊಂಡು ವಸತಿ ಶಾಲೆಗಳ ಮಕ್ಕಳನ್ನು ನೆನೆಯುವ ದಿನ. ಇಲ್ಲಿನ ಶುಬೆನಕೇಡಿ ವಸತಿ ಶಾಲೆ 1967ರವರೆಗೂ ನಡೆಯಿತು. ಅಲ್ಲಿದ್ದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಮರುದಿನವೇ ಟ್ರೀಟಿ ಡೇ. ಅದು ಹೆಮ್ಮೆಯ ದಿನ. ಎರಡನ್ನೂ ಬೆರೆಸಿ ಒಂದೇ ಕಾರ್ಯಕ್ರಮ ಮಾಡಬೇಡಿ. ಅಕ್ಟೋಬರ್ 1ರಂದು ಹ್ಯಾಲಿಫ್ಯಾಕ್ಸ್‌ನಲ್ಲಿ ಅವರದೇ ದೊಡ್ಡ ಕಾರ್ಯಕ್ರಮ ಇರುತ್ತದೆ, ಅದಕ್ಕೆ ಪೈಪೋಟಿ ಕೊಡದೆ ಹೋಗಿ ಪಾಲ್ಗೊಳ್ಳಿ. ನಿಮ್ಮದನ್ನು ತಿಂಗಳ ಎರಡನೇ ಅಥವಾ ಮೂರನೇ ವಾರಾಂತ್ಯಕ್ಕೆ ಇಟ್ಟುಕೊಳ್ಳಿ. ಎರಡನೇ ಸೋಮವಾರ ಥ್ಯಾಂಕ್ಸ್‌ಗಿವಿಂಗ್ ರಜೆ, ಅದರ ಹಿಂದಿನ ವಾರಾಂತ್ಯ ಮಾತ್ರ ಬಿಡಿ, ಜನ ಊರಲ್ಲಿರುವುದಿಲ್ಲ. ನವರಾತ್ರಿಯೂ ಅದೇ ಸುಮಾರಿಗೆ ಬರುತ್ತದೆ, ಪಂಚಾಂಗ ನೋಡಿಕೊಳ್ಳಿ. ಬೆಳಗ್ಗೆ ಇಲ್ಲಿ, ಸಂಜೆ ಬೊಂಬೆ ಆರತಿ ಎಂದು ಓಡಾಡುವ ಸ್ವಯಂಸೇವಕರಿಂದ ಕೆಲಸ ಆಗುವುದಿಲ್ಲ.

ಹಂತ 5: ಹಾಲ್, ಹೊಗೆ, ಕುರ್ಚಿ

ಹಾಲ್ ಗೊತ್ತು ಮಾಡುವಾಗ ಮೊದಲ ಪ್ರಶ್ನೆ: ಸ್ಮಜಿಂಗ್ ಮಾಡಬಹುದಾ? ಸೇಜ್, ಸೀಡರ್, ಸಿಹಿಹುಲ್ಲು, ತಂಬಾಕಿನಂಥ ಪವಿತ್ರ ಮೂಲಿಕೆಗಳ ಹೊಗೆಯನ್ನು ಕೈಯಿಂದ ಮೈಮೇಲೆ ಎಳೆದುಕೊಂಡು ಶುದ್ಧಿ ಮಾಡಿಕೊಳ್ಳುವ ಕ್ರಮ ಅದು. ಫೈರ್ ಅಲಾರಂ ಬಾರಿಸಿತೆಂದರೆ ಎಲ್ಲ ಮುಗಿಯಿತು. ಕಟ್ಟಡ ನೋಡಿಕೊಳ್ಳುವವರ ಹತ್ತಿರ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ಆ ಹೊತ್ತಿಗೆ ಅಲಾರಂ ಏನು ಮಾಡುತ್ತಾರೆ ಎಂದು ಕೇಳಿ. ಆಗುವುದೇ ಇಲ್ಲ ಎಂದರೆ ಹೊರಗೆ ಜಾಗ ನೋಡಿ. ಉಸಿರಾಟದ ತೊಂದರೆ ಇರುವವರಿಗೆ ಬಾಗಿಲಲ್ಲೇ ಚೀಟಿ ಹಾಕಿ ತಿಳಿಸಿ. ಸ್ಮಜಿಂಗ್‌ನಲ್ಲಿ ಪಾಲ್ಗೊಳ್ಳಲೇಬೇಕು ಎಂದೇನೂ ಇಲ್ಲ, ಸುಮ್ಮನೆ ನಿಂತಿದ್ದರೂ ಸಾಕು.

ಲೈಬ್ರರಿ ಹಾಲ್‌ಗಳು ಅನುಕೂಲ, ಹ್ಯಾಲಿಫ್ಯಾಕ್ಸ್ ಸೆಂಟ್ರಲ್ ಲೈಬ್ರರಿಯ ಥರದವು; ಬಸ್ಸಿನಲ್ಲಿ ಬಂದಿಳಿಯಬಹುದು. ಹೊರಾಂಗಣಕ್ಕೆ ಪೀಸ್ ಅಂಡ್ ಫ್ರೆಂಡ್‌ಶಿಪ್ ಪಾರ್ಕ್ ಇದೆ. 1749ರಲ್ಲಿ ಮಿಕ್‌ಮಾಕ್ ಜನರ ತಲೆಗೆ ಬಹುಮಾನ ಘೋಷಿಸಿದ ಗವರ್ನರ್ ಕಾರ್ನ್‌ವಾಲಿಸ್‌ನ ಪ್ರತಿಮೆ ಅಲ್ಲಿತ್ತು. 2018ರಲ್ಲಿ ಅದನ್ನು ಇಳಿಸಿದರು, 2021ರಲ್ಲಿ ಪಾರ್ಕಿನ ಹೆಸರನ್ನೂ ಬದಲಿಸಿದರು. ಜಾಗವೇ ಅರ್ಧ ಕಥೆ ಹೇಳುತ್ತದೆ. ಆದರೆ ಅಕ್ಟೋಬರ್ ಗಾಳಿಗೆ ಹಿರಿಯರನ್ನು ಹೊರಗೆ ಕೂರಿಸಬೇಡಿ.

ಮುಂದಿನ ಸಾಲು ಹಿರಿಯರಿಗೆ, ಗಣ್ಯರಿಗಲ್ಲ. ಕೈಯಿರುವ ಕುರ್ಚಿ, ಬಾಗಿಲ ಹತ್ತಿರ ಪಾರ್ಕಿಂಗ್, ಪಕ್ಕದಲ್ಲಿ ಟೀ ತಂದುಕೊಡಲು ಒಬ್ಬ ಹುಡುಗ ಅಥವಾ ಹುಡುಗಿ. ಇಷ್ಟಿದ್ದರೆ ಸಾಕು.

ಹಂತ 6: ದುಡ್ಡು

ಇಲ್ಲಿ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಸೌಂಡ್ ಸಿಸ್ಟಮ್‌ನವರಿಗೆ ದುಡ್ಡು ಕೊಡುತ್ತೇವೆ, ಕ್ಯಾಟರಿಂಗ್‌ಗೆ ಕೊಡುತ್ತೇವೆ, ಆದರೆ ಹಿರಿಯರೊಬ್ಬರು ಜೀವಮಾನದ ತಿಳಿವಳಿಕೆ ಹೊತ್ತು ಬಂದರೆ ಒಂದು ಶಾಲು, ಒಂದು ಗುಂಪು ಫೋಟೋ! ಶಾಲು ಬೇಕಾದರೆ ಹೊದಿಸಿ, ಗೌರವಧನ ಮಾತ್ರ ಬಿಡಬೇಡಿ. ಎಷ್ಟು ಎಂದು ಮೊದಲೇ ಕೇಳಿ, ಪ್ರಯಾಣದ ಖರ್ಚು ಬೇರೆ ಕೊಡಿ. ಕೇಪ್ ಬ್ರೆಟನ್‌ನ ಎಸ್ಕಸೋನಿಯಿಂದ ಹ್ಯಾಲಿಫ್ಯಾಕ್ಸ್‌ಗೆ ನಾಲ್ಕು ಗಂಟೆಯ ದಾರಿ, ರಾತ್ರಿ ಉಳಿಯಲು ರೂಮ್ ಬೇಕು. ದುಡ್ಡನ್ನು ಅದೇ ದಿನ ಕವರಿನಲ್ಲಿಟ್ಟು ಕೈಗೆ ಕೊಡಿ. ಬಿಲ್ ಕಳಿಸಿ, ಫಾರಂ ತುಂಬಿ, ಎರಡು ತಿಂಗಳು ಕಾಯಿರಿ ಎನ್ನುವುದು ಮರ್ಯಾದೆ ಅಲ್ಲ. ಡ್ರಮ್ ಗುಂಪೆಂದರೆ ಒಬ್ಬರಲ್ಲ, ಹಾಡುವವರ ತಲೆ ಲೆಕ್ಕ ಹಾಕಿ. ಕೈಕೆಲಸ ಮಾರುವವರಿಗೆ ಮೇಜು ಪುಕ್ಕಟೆ ಕೊಡಿ.

ನಗರಸಭೆ, ಪ್ರಾಂತ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕುವುದಿದ್ದರೆ ಕೊನೆಯ ದಿನ ತಿಂಗಳುಗಟ್ಟಲೆ ಮುಂಚೆಯೇ ಇರುತ್ತದೆ. ಅರ್ಜಿಯಲ್ಲಿ ಮಿಕ್‌ಮಾಕ್ ಪಾಲುದಾರರ ಹೆಸರು ಹಾಕುವ ಮುಂಚೆ ಅವರನ್ನು ಕೇಳಿ.

ಹಂತ 7: ಪೋಸ್ಟರ್

ಉದ್ದ ಗರಿಗಳ ಕಿರೀಟ, ಟೀಪೀ ಗುಡಾರ, ಟೋಟೆಮ್ ಕಂಬ: ಇವು ಮೂರೂ ಬೇರೆ ಕಡೆಯ ಜನರವು. ಮಿಕ್‌ಮಾಕ್ ಜನರ ಮನೆ ಬರ್ಚ್ ತೊಗಟೆ ಹೊದಿಸಿದ ವಿಗ್ವಾಮ್. ಹೆಂಗಸರ ಸಾಂಪ್ರದಾಯಿಕ ಟೋಪಿ ಚೂಪು ತುದಿಯದು, ಮಣಿ ಮತ್ತು ರಿಬ್ಬನ್ ಕೆಲಸ ಮಾಡಿದ್ದು. ಇಂಟರ್ನೆಟ್ಟಿನಲ್ಲಿ ಸಿಕ್ಕ ಚಿತ್ರ ಹಾಕುವ ಬದಲು ಮಿಕ್‌ಮಾಕ್ ಕಲಾವಿದರೊಬ್ಬರಿಗೆ ದುಡ್ಡು ಕೊಟ್ಟು ಬರೆಸಿ. ಕೆಜಿಮ್ಕುಜಿಕ್ ರಾಷ್ಟ್ರೀಯ ಉದ್ಯಾನದಲ್ಲಿ ಬಂಡೆಗಳ ಮೇಲೆ ಕೊರೆದ 500ಕ್ಕೂ ಹೆಚ್ಚು ಚಿತ್ರಗಳಿವೆ. ಗೈಡ್ ಜೊತೆಗಷ್ಟೇ ನೋಡಬಹುದು. ಅವನ್ನು ಟೀ ಶರ್ಟಿಗೆ ಅಚ್ಚು ಹಾಕಿಸಬೇಡಿ. ಅಚ್ಚಿಗೆ ಹೋಗುವ ಮುಂಚೆ ಪ್ರತಿಯೊಂದು ಮಿಕ್‌ಮಾವ್ ಪದವನ್ನೂ ಬಲ್ಲವರಿಗೆ ತೋರಿಸಿ.

ಹಂತ 8: ಆ ದಿನ

ಕ್ರಮ ಸರಳವಾಗಿರಲಿ. ಮೊದಲು ಹಿರಿಯರ ಸ್ವಾಗತ ಮತ್ತು ಪ್ರಾರ್ಥನೆ. ಸ್ವಾಗತಿಸುವವರು ಅವರು, ಏಕೆಂದರೆ ನೆಲ ಅವರದು. ನಿಮ್ಮ ಕಡೆಯವರು ಆಮೇಲೆ ನೆಲದ ಸ್ಮರಣೆ ಮಾಡಲಿ. ಅದನ್ನು ಇಂಗ್ಲಿಷಿನಲ್ಲಿ ಗಡಿಬಿಡಿಯಿಂದ ಓದುವ ಬದಲು ಕನ್ನಡದಲ್ಲೂ ನಾಲ್ಕು ಸಾಲು ಹೇಳಿ: ನಾವು ಎಲ್ಲಿಂದ ಬಂದೆವು, ಯಾರ ನೆಲದಲ್ಲಿ ಮನೆ ಮಾಡಿಕೊಂಡೆವು, ಆ ಒಪ್ಪಂದ ನಮಗೂ ಅನ್ವಯಿಸುತ್ತದೆ ಎಂದು. "ನಾವೆಲ್ಲರೂ ಒಪ್ಪಂದದ ಜನ" ಎಂಬ ಮಾತು ಇಲ್ಲಿನ ಶಾಲೆಗಳಲ್ಲಿ ಕಲಿಸುವಂಥದ್ದೇ. ನಿರೂಪಕರು ಹೆಸರುಗಳ ಉಚ್ಚಾರಣೆಯನ್ನು ಅವರಿಂದಲೇ ಕೇಳಿ, ಕನ್ನಡದಲ್ಲಿ ಬರೆದಿಟ್ಟುಕೊಳ್ಳಲಿ. ನಮಸ್ಕಾರಕ್ಕೆ "ಕ್ವೇ", ಒಬ್ಬರಿಗೆ ಥ್ಯಾಂಕ್ಸ್ ಹೇಳಲು "ವೆಲಾಲಿನ್". ಇಷ್ಟು ಎಲ್ಲ ಸ್ವಯಂಸೇವಕರಿಗೂ ಬರಬೇಕು.

ನಡುವೆ ನಮ್ಮದೊಂದು ಭರತನಾಟ್ಯ, ಡೊಳ್ಳು ಸೇರಿಸೋಣ ಎಂಬ ಆಸೆ ಬಂದೇ ಬರುತ್ತದೆ. ಬೇಡ. ನವೆಂಬರ್ 1ಕ್ಕೆ ನಮ್ಮ ರಾಜ್ಯೋತ್ಸವ ಇದ್ದೇ ಇದೆ. ಅವರೇ "ನಿಮ್ಮದೂ ಒಂದು ಹಾಡು ಆಗಲಿ" ಎಂದು ಕೇಳಿದರೆ ಆ ಮಾತು ಬೇರೆ.

ಮಕ್ಕಳಿಗೆ ವಾಲ್ಟೆಸ್ ಆಡಿಸಿ. ಅಗಲವಾದ ಮರದ ಬಟ್ಟಲು, ಒಂದು ಕಡೆ ಗುರುತಿರುವ ಆರು ಮೂಳೆಯ ಬಿಲ್ಲೆ, ಲೆಕ್ಕಕ್ಕೆ ಕಡ್ಡಿಗಳು. ಬಟ್ಟಲನ್ನು ಮಡಚಿದ ಬಟ್ಟೆಯ ಮೇಲೆ ಕುಟ್ಟಿದರೆ ಬಿಲ್ಲೆಗಳು ಹಾರಿ ಮಗುಚುತ್ತವೆ. ಆರೂ ಒಂದೇ ಮಗ್ಗುಲಿಗೆ ಬಿದ್ದರೆ ಕಡ್ಡಿ ಜಾಸ್ತಿ, ಐದು ಬಿದ್ದರೆ ಕಡಿಮೆ. ಚೌಕಾಬಾರದಲ್ಲಿ ಕವಡೆ ಎಸೆದವರಿಗೆ ತಕ್ಷಣ ಹಿಡಿಸುತ್ತದೆ. ನಿಯಮ ಕಲಿಸಲು ಆಟ ಬಲ್ಲವರು ಒಬ್ಬರು ಬೇಕೇ ಬೇಕು, ಲೆಕ್ಕ ಕಾಣುವಷ್ಟು ಸುಲಭ ಇಲ್ಲ.

ಊಟವನ್ನು ಮಿಕ್‌ಮಾಕ್ ಅಡುಗೆಯವರಿಂದ ತರಿಸಿ. ಲುಸ್ಕಿನಿಗನ್ ಎಂಬ ರೊಟ್ಟಿ, ಸೂಪು, ಮೀನು. ನಮ್ಮಲ್ಲಿ ಸಸ್ಯಾಹಾರಿಗಳು ಜಾಸ್ತಿ ಎಂದು ಮೊದಲೇ ಹೇಳಿಬಿಡಿ. ತಟ್ಟೆ ಮೊದಲು ಹಿರಿಯರಿಗೆ ಹೋಗಬೇಕು, ಕ್ಯೂನಲ್ಲಿ ಅವರು ನಿಲ್ಲಬಾರದು.

ಪ್ರಶ್ನೋತ್ತರ ಇಟ್ಟರೆ ಲಾಬ್ಸ್ಟರ್ (ದೊಡ್ಡ ಸಮುದ್ರ ಸಿಗಡಿ) ಹಿಡಿಯುವ ಹಕ್ಕಿನ ವಿಷಯ ಬಂದೇ ಬರುತ್ತದೆ. 1999ರಲ್ಲಿ ಸುಪ್ರೀಂ ಕೋರ್ಟ್ ಡೊನಾಲ್ಡ್ ಮಾರ್ಷಲ್ ಜೂನಿಯರ್ ಪ್ರಕರಣದಲ್ಲಿ, ಸಾಧಾರಣ ಜೀವನಕ್ಕೆ ಬೇಕಾದಷ್ಟು ಮೀನು ಹಿಡಿದು ಮಾರುವ ಹಕ್ಕು 1760-61ರ ಒಪ್ಪಂದಗಳಲ್ಲೇ ಇದೆ ಎಂದಿತು. 2020ರಲ್ಲಿ ಸಿಪೆಕ್ನೆಕಾಟಿಕ್ ಸಮುದಾಯ ಆ ಹಕ್ಕಿನ ಮೇಲೆ ಲಾಬ್ಸ್ಟರ್ ಹಿಡಿಯಲು ಶುರು ಮಾಡಿದಾಗ ಗಲಾಟೆ ಆಯಿತು, ಬೆಂಕಿಯೂ ಬಿತ್ತು. ಒಬ್ಬ ಗಟ್ಟಿಗ ನಿರೂಪಕರನ್ನು ಇಟ್ಟುಕೊಳ್ಳಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿ ಆರಿಸಿಕೊಂಡರೆ ಒಳ್ಳೆಯದು. ವಸತಿ ಶಾಲೆಯ ಅನುಭವ ಹೇಳಿ ಎಂದು ಯಾರನ್ನೂ ಒತ್ತಾಯಿಸಲು ಬಿಡಬೇಡಿ.

ಹಂತ 9: ಆಮೇಲೆ

ವಿಡಿಯೋ, ಫೋಟೋ ಏನೇ ಹಾಕುವ ಮುಂಚೆ ಅದರಲ್ಲಿರುವವರಿಗೆ ತೋರಿಸಿ. ಹಾಡು ಮತ್ತು ಪ್ರಾರ್ಥನೆಯ ರೆಕಾರ್ಡಿಂಗ್ ಇದ್ದರೆ ಅವರಿಗೇ ಒಂದು ಪ್ರತಿ ಕೊಟ್ಟು, ಇಟ್ಟುಕೊಳ್ಳಬಹುದೇ, ಅಳಿಸಬೇಕೇ ಎಂದು ಕೇಳಿ. ಒಂದು ವಾರದೊಳಗೆ ಫೋನ್ ಮಾಡಿ, ಏನು ಸರಿಹೋಗಲಿಲ್ಲ ಎಂದು ನೇರವಾಗಿ ಕೇಳಿ. ಅವರಾಗಿಯೇ ದೂರು ಹೇಳುವುದು ಕಡಿಮೆ. ಖರ್ಚಿನ ಲೆಕ್ಕವನ್ನು ಪಾಲುದಾರರಿಗೂ ಕಳಿಸಿ, ಉಳಿದ ದುಡ್ಡು ಎಲ್ಲಿಗೆ ಹೋಗಬೇಕು ಎಂದು ಅವರೇ ಹೇಳಲಿ.

ಮುಂದಿನ ಅಕ್ಟೋಬರ್‌ವರೆಗೆ ಮಾಯವಾಗಬೇಡಿ. ಜೂನ್ 21ಕ್ಕೆ, ಬೇಸಿಗೆಯ ಮಾವಿಯೋಮಿಗೆ ಹೋಗಿ. ಅಲ್ಲಿ ಪಾರ್ಕಿಂಗ್ ನೋಡಿಕೊಳ್ಳಲು, ಕಸ ಎತ್ತಲು, ಟೆಂಟ್ ಬಿಚ್ಚಲು ಯಾವಾಗಲೂ ಜನ ಸಾಲುವುದಿಲ್ಲ. ನಾಲ್ಕು ಜನ ಕೈಗವಸು ಹಾಕಿಕೊಂಡು ಹೋಗಿ, ಆಯೋಜಕರ ಡೇರೆಯಲ್ಲಿ ಹೆಸರು ಬರೆಸಿ.